ಮಹಾಮಾರಿಯ ದಿನಗಳಲ್ಲಿ ದುಡಿಮೆ ಮತ್ತು ಮನೆಗೆಲಸ: ದಂಪತಿ ಹಂಚಿಕೊಳ್ಳುವ ಬಗೆ

ಸಾಂಕ್ರಾಮಿಕ ರೋಗವೊಂದು ಊರೂರನ್ನು ಆವರಿಸಿದಾಗ ಮನೆಯೊಳಗಿನ ಕೆಲಸ ಎಷ್ಟು ಹೆಚ್ಚುತ್ತದೆ ಎಂಬುದನ್ನು ಕೋವಿಡ್ ಕಾಲವನ್ನು ಕಂಡ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯು 2020ರ ಮಾರ್ಚ್ 11ರಂದು ಕೋವಿಡ್-19 ರೋಗವನ್ನು ಜಾಗತಿಕ ಮಹಾಮಾರಿ ಎಂದು ಕರೆದ ಕೆಲವೇ ವಾರಗಳಲ್ಲಿ ಬಹುಪಾಲು ದೇಶಗಳಲ್ಲಿ ಶಾಲೆಗಳೂ ಕಚೇರಿಗಳೂ ಬಾಗಿಲು ಹಾಕಿದವು. ಯುನೆಸ್ಕೊ ಲೆಕ್ಕದಂತೆ ಆ ವರ್ಷದ ಏಪ್ರಿಲ್ ಹೊತ್ತಿಗೆ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ ತರಗತಿಗಳು ಮುಚ್ಚಿದ್ದವು. ಶಾಲೆ, ಶಿಶುವಿಹಾರ, ಕೆಲಸಕ್ಕೆ ಬರುತ್ತಿದ್ದವರು, ಮೊಮ್ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ಅಜ್ಜ–ಅಜ್ಜಿ, ಹೀಗೆ ಹಲವು ಕೈಗಳಿಗೆ ಹಂಚಿಹೋಗಿದ್ದ ಹೊಣೆಯೆಲ್ಲ ಒಮ್ಮೆಲೇ ಮರಳಿ ಇಬ್ಬರ ತಲೆಯ ಮೇಲೆ ಬಿತ್ತು. ಅದೇ ಹೊತ್ತಿಗೆ ಸಂಬಳದ ಕೆಲಸವೂ ಮನೆಯೊಳಗೆ ಬಂದು ಕುಳಿತಿತು.

ಈ ಹೊರೆ ಸಮನಾದ ನೆಲದ ಮೇಲೆ ಬಿದ್ದದ್ದಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2018ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮತ್ತು ಆರೈಕೆಗೆ ಜಗತ್ತಿನ ಮಹಿಳೆಯರು ದಿನಕ್ಕೆ ಸರಾಸರಿ 4 ಗಂಟೆ 25 ನಿಮಿಷ ವ್ಯಯಿಸುತ್ತಿದ್ದರೆ, ಪುರುಷರು 1 ಗಂಟೆ 23 ನಿಮಿಷ ಮಾತ್ರ ವ್ಯಯಿಸುತ್ತಿದ್ದರು. ಲಾಕ್‌ಡೌನ್ ಬಂದಾಗ ಪುರುಷರ ಪಾಲು ಹೆಚ್ಚಾಯಿತು ಎಂದು ಹಲವು ದೇಶಗಳ ಸಮೀಕ್ಷೆಗಳು ತೋರಿಸಿದ್ದು ನಿಜ. ಆದರೆ ಒಟ್ಟು ಕೆಲಸವೇ ಬೆಳೆದುದರಿಂದ ಮಹಿಳೆಯರ ಹೊರೆ ಇಳಿಯಲಿಲ್ಲ. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್ ಕೊನೆಯಿಂದ ಮೇ ಮಧ್ಯದವರೆಗೆ ತಂದೆ–ತಾಯಿ ಇಬ್ಬರೂ ಇರುವ ಸುಮಾರು 3,500 ಕುಟುಂಬಗಳನ್ನು ಪ್ರಶ್ನಿಸಿ ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್ ಮತ್ತು ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಸಂಶೋಧಕರು ನಡೆಸಿದ ಅಧ್ಯಯನದ ಒಂದು ಅಂಶ ನನ್ನ ಮನಸ್ಸಿನಿಂದ ಹೋಗಿಲ್ಲ: ಅಡ್ಡಿಯಿಲ್ಲದೆ ನಡೆದ ಸಂಬಳದ ಕೆಲಸವನ್ನಷ್ಟೇ ಎಣಿಸಿದರೆ, ತಂದೆಯರಿಗೆ ಸಿಕ್ಕ ಪ್ರತಿ 3 ಗಂಟೆಗೆ ತಾಯಂದಿರಿಗೆ ಸಿಕ್ಕಿದ್ದು 1 ಗಂಟೆ.

ಈ ಮಾರ್ಗದರ್ಶಿಯ ತಿರುಳು ಅಲ್ಲಿದೆ. ಪಾತ್ರೆ ಯಾರು ತೊಳೆಯಬೇಕು, ಕಸ ಯಾರು ಹಾಕಬೇಕು ಎಂಬಲ್ಲಿಂದ ಹಂಚಿಕೆಯನ್ನು ಆರಂಭಿಸುವ ದಂಪತಿ ಬಹುಬೇಗ ಜಗಳಕ್ಕೆ ಬರುತ್ತಾರೆ, ಏಕೆಂದರೆ ಮಹಾಮಾರಿಯ ಮನೆಯಲ್ಲಿ ನಿಜವಾಗಿ ಕೊರತೆಯಾಗುವುದು ಯಾರೂ ಕರೆಯದ, ಯಾರೂ ಕದ ತಟ್ಟದ ಸಮಯ. ಅದನ್ನು ಮೊದಲು ಹಂಚಿಕೊಂಡರೆ ಉಳಿದ ಕೆಲಸಗಳ ಹಂಚಿಕೆ ಸಾಧ್ಯವಾಗುತ್ತದೆ.

ಮುಂದುವರಿಯುವ ಮೊದಲು ಒಂದು ಮಾತು ಹೇಳಲೇಬೇಕು. ಸಂಗಾತಿಯ ಮುಂದೆ ಬಾಯಿ ತೆರೆಯಲು ಹೆದರಿಕೆಯಾಗುವ, ಹೊಡೆತ–ಬೆದರಿಕೆಗಳಿರುವ ಮನೆಗೆ ಇಲ್ಲಿನ ಹಂತಗಳು ಹೊಂದುವುದಿಲ್ಲ. ಲಾಕ್‌ಡೌನ್ ಕಾಲದಲ್ಲಿ ಮನೆಯೊಳಗಿನ ಹಿಂಸೆ ಎಷ್ಟು ಕಳವಳ ಹುಟ್ಟಿಸಿತ್ತೆಂದರೆ, 2020ರ ಏಪ್ರಿಲ್‌ನಲ್ಲಿ ವಿಶ್ವಸಂಸ್ಥೆಯ ಮಹಾಕಾರ್ಯದರ್ಶಿ ಆಂಟೋನಿಯೊ ಗುಟೆರಸ್ ಅವರು ಮನೆಗಳಲ್ಲಿ ಶಾಂತಿ ನೆಲೆಸಲಿ ಎಂದು ಬಹಿರಂಗವಾಗಿ ಮನವಿ ಮಾಡಿದ್ದರು. ಅಂಥ ಸ್ಥಿತಿಯಲ್ಲಿರುವವರು ಕೆಲಸದ ಹಂಚಿಕೆಯ ವಿಚಾರವನ್ನು ಬದಿಗಿಟ್ಟು, ಮೊದಲು ನಂಬಿಕೆಯ ಒಬ್ಬರಿಗೋ ಸಹಾಯವಾಣಿಗೋ ತಮ್ಮ ಪರಿಸ್ಥಿತಿಯನ್ನು ತಿಳಿಸಬೇಕು.

ಹಂತ 1: ಮೂರು ದಿನಗಳ ದಿನಚರಿ ಬರೆಯಿರಿ

ಯಾರು ಎಷ್ಟು ಮಾಡುತ್ತಿದ್ದಾರೆ ಎಂಬುದನ್ನು ನೆನಪಿನಿಂದ ತೀರ್ಮಾನಿಸಲು ಹೋಗಬೇಡಿ. ಮನೋವಿಜ್ಞಾನಿಗಳಾದ ಮೈಕೇಲ್ ರಾಸ್ ಮತ್ತು ಫಿಯೋರ್ ಸಿಕೋಲಿ 1979ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ, ಮನೆಯ ಬೇರೆ ಬೇರೆ ಕೆಲಸಗಳಲ್ಲಿ ತಮ್ಮ ಪಾಲು ಎಷ್ಟೆಂದು ಗಂಡ–ಹೆಂಡತಿಯನ್ನು ಪ್ರತ್ಯೇಕವಾಗಿ ಕೇಳಿದಾಗ, ಹೆಚ್ಚಿನ ಕೆಲಸಗಳಲ್ಲಿ ಇಬ್ಬರ ಉತ್ತರವನ್ನು ಕೂಡಿದರೆ ಮೊತ್ತ ನೂರನ್ನು ಮೀರುತ್ತಿತ್ತು. ಅವರು ಸುಳ್ಳು ಹೇಳಿದ್ದರೆಂದಲ್ಲ. ತಾನು ಮಾಡಿದ ಕೆಲಸ ತನಗೆ ಸುಲಭವಾಗಿ ನೆನಪಿಗೆ ಬರುತ್ತದೆ, ಇನ್ನೊಬ್ಬರು ಮಾಡಿದ್ದು ಬರುವುದಿಲ್ಲ. ಮನೆಯ ಅರ್ಧ ಕೆಲಸ ನಾನೇ ಮಾಡುತ್ತಿದ್ದೇನೆಂದು ಪ್ರಾಮಾಣಿಕವಾಗಿ ನಂಬಿದ್ದವರಲ್ಲಿ ನಾನೂ ಒಬ್ಬ. ಮೂರು ದಿನ ಬರೆದಿಟ್ಟ ಹಾಳೆಯನ್ನು ಹೆಂಡತಿಯ ಹಾಳೆಯ ಪಕ್ಕದಲ್ಲಿಟ್ಟು ನೋಡಿದಾಗಲೇ ಆ ನಂಬಿಕೆ ಬಿದ್ದುಹೋಯಿತು.

ಬರೆಯುವ ಕ್ರಮ ಸರಳ. ಇಬ್ಬರೂ ಒಂದೊಂದು ಹಾಳೆ ತೆಗೆದುಕೊಂಡು, ಏಳುವ ಹೊತ್ತಿನಿಂದ ಮಲಗುವವರೆಗಿನ ಸಮಯವನ್ನು ಅರ್ಧರ್ಧ ಗಂಟೆಯ ಸಾಲುಗಳಾಗಿ ವಿಂಗಡಿಸಿ, ಪ್ರತಿ ಸಾಲಿನ ಮುಂದೆ ಮೂರು ಅಂಕಣ ಎಳೆಯಿರಿ. ಮೊದಲನೆಯದರಲ್ಲಿ ಮುಖ್ಯವಾಗಿ ಏನು ಮಾಡುತ್ತಿದ್ದಿರಿ ಎಂಬುದನ್ನೂ, ಎರಡನೆಯದರಲ್ಲಿ ಅದರ ಜೊತೆಜೊತೆಗೆ ಇನ್ನೇನು ನಡೆಯುತ್ತಿತ್ತು ಎಂಬುದನ್ನೂ, ಮೂರನೆಯದರಲ್ಲಿ ಎಷ್ಟು ಬಾರಿ ಕೆಲಸ ಬಿಟ್ಟು ಏಳಬೇಕಾಯಿತು ಎಂಬುದನ್ನೂ ಬರೆಯಿರಿ. ಎರಡನೆಯ ಮತ್ತು ಮೂರನೆಯ ಅಂಕಣಗಳನ್ನು ಬಿಟ್ಟುಬಿಟ್ಟರೆ ಈ ಶ್ರಮ ವ್ಯರ್ಥವಾಗುತ್ತದೆ. ಮೊದಲನೆಯ ಅಂಕಣದಲ್ಲಿ ಇಬ್ಬರಿಗೂ ‘ಕಚೇರಿ ಕೆಲಸ, 3 ಗಂಟೆ’ ಎಂದೇ ಬಂದಿರಬಹುದು. ಒಬ್ಬರು ಆ ಮೂರು ಗಂಟೆಯೂ ಬಾಗಿಲು ಹಾಕಿಕೊಂಡು ಕುಳಿತಿದ್ದರು, ಇನ್ನೊಬ್ಬರು ಮಗುವಿನ ಆನ್‌ಲೈನ್ ತರಗತಿಯ ಪಕ್ಕದಲ್ಲಿ ಕುಳಿತು ಒಲೆಯ ಮೇಲೂ ಒಂದು ಕಣ್ಣಿಟ್ಟು ಹತ್ತಾರು ಬಾರಿ ಎದ್ದಿದ್ದರು ಎಂಬ ಸತ್ಯ ಹೊರಬೀಳುವುದು ಉಳಿದೆರಡು ಅಂಕಣಗಳಿಂದ.

ಎರಡು ಕೆಲಸದ ದಿನ, ಒಂದು ರಜೆಯ ದಿನ ಬರೆದರೆ ಸಾಕು. ಈ ಮೂರು ದಿನ ಪರಸ್ಪರರ ಹಾಳೆಯನ್ನು ನೋಡಬಾರದು, ಟೀಕೆ ಮಾಡಬಾರದು. ರೋಗದ ಕಾರಣದಿಂದ ಹೊಸದಾಗಿ ಸೇರಿಕೊಂಡ ಕೆಲಸಗಳನ್ನು ಬೇರೆ ಬಣ್ಣದಲ್ಲಿ ಗುರುತಿಸಿ. ಪದೇ ಪದೇ ಶುಚಿಗೊಳಿಸುವುದು, ಮಾಸ್ಕ್ ಒಗೆಯುವುದು, ಸಾಮಾನಿಗಾಗಿ ಸರದಿಯಲ್ಲಿ ನಿಲ್ಲುವುದು, ದೂರದಲ್ಲಿರುವ ಹಿರಿಯರಿಗೆ ಫೋನಿನಲ್ಲಿ ಧೈರ್ಯ ಹೇಳುವುದು, ಮಕ್ಕಳ ಬೇಸರ ಕಳೆಯುವುದು ಇವೆಲ್ಲ ಹಿಂದೆ ಯಾರ ಪಾಲಿನಲ್ಲೂ ಇರದಿದ್ದ ಕೆಲಸಗಳು. ಇಂಥವು ಮಾತುಕತೆಯಿಲ್ಲದೆ ಸದ್ದಿಲ್ಲದೆ ಒಬ್ಬರ ಪಾಲಿಗೇ ಜಮೆಯಾಗುತ್ತವೆ.

ಹಂತ 2: ಅಡ್ಡಿಯಿಲ್ಲದ ಸಮಯವನ್ನು ಮೊದಲು ಹಂಚಿಕೊಳ್ಳಿ

ಇಬ್ಬರೂ ಮನೆಯಿಂದಲೇ ದಿನಕ್ಕೆ 8 ಗಂಟೆ ದುಡಿಯಬೇಕಾದ, ಒಂದು ಚಿಕ್ಕ ಮಗುವಿರುವ ಕುಟುಂಬವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಮಗು ಬೆಳಿಗ್ಗೆ 7ಕ್ಕೆ ಎದ್ದು ರಾತ್ರಿ 8ಕ್ಕೆ ಮಲಗುತ್ತದೆ, ಮಧ್ಯಾಹ್ನ ಒಂದೂವರೆ ಗಂಟೆ ನಿದ್ರೆ ಮಾಡುತ್ತದೆ ಎಂದಿಟ್ಟುಕೊಂಡರೆ, ಮಗು ಎಚ್ಚರವಾಗಿರುವ ಅವಧಿ ಹನ್ನೊಂದೂವರೆ ಗಂಟೆ. ಆ ಅವಧಿಯಲ್ಲಿ ಒಬ್ಬರು ಮಗುವಿನ ಬಳಿ ಇದ್ದರೆ ಇನ್ನೊಬ್ಬರು ದುಡಿಯಬಹುದಾದ್ದರಿಂದ, ಸಮವಾಗಿ ಹಂಚಿಕೊಂಡರೆ ತಲಾ 5 ಗಂಟೆ 45 ನಿಮಿಷ ಸಿಗುತ್ತದೆ. ಮಗುವಿನ ಮಧ್ಯಾಹ್ನದ ನಿದ್ರೆಯ ಹೊತ್ತಿನಲ್ಲಿ ಇಬ್ಬರೂ ಒಂದೂವರೆ ಗಂಟೆ ದುಡಿದರೆ ತಲಾ 7 ಗಂಟೆ 15 ನಿಮಿಷವಾಗುತ್ತದೆ. ಇನ್ನುಳಿದ 45 ನಿಮಿಷವನ್ನು ಮಗು ಏಳುವ ಮೊದಲೋ ಮಲಗಿದ ಮೇಲೋ ಹುಡುಕಬೇಕು. ಈಗ ಮನೆಗೆಲಸ ಒಟ್ಟು 4 ಗಂಟೆ ಎಂದು ಹಿಡಿದು ತಲಾ 2 ಗಂಟೆ ಸೇರಿಸಿ. 8 ಗಂಟೆ ದುಡಿಮೆ, 5 ಗಂಟೆ 45 ನಿಮಿಷ ಮಗುವಿನ ಹೊಣೆ, 2 ಗಂಟೆ ಮನೆಗೆಲಸ, 7 ಗಂಟೆ ನಿದ್ರೆ, ಎಲ್ಲ ಕೂಡಿ 22 ಗಂಟೆ 45 ನಿಮಿಷ. ಸ್ನಾನ, ಊಟ, ಒಬ್ಬರಿಗೊಬ್ಬರು ಒಂದು ಮಾತು, ಸ್ವಲ್ಪ ಉಸಿರಾಟ, ಇವೆಲ್ಲಕ್ಕೂ ಉಳಿದಿರುವುದು 1 ಗಂಟೆ 15 ನಿಮಿಷ.

ಈ ಲೆಕ್ಕವನ್ನು ನಿಮ್ಮ ಮನೆಯ ಅಂಕಿಗಳನ್ನು ಹಾಕಿ ನೀವೇ ಮಾಡಿ ನೋಡಿ. ಅತ್ಯಂತ ನ್ಯಾಯವಾಗಿ ಹಂಚಿಕೊಂಡರೂ ದಿನ ಸಾಲುವುದಿಲ್ಲ ಎಂಬುದು ಕಾಗದದ ಮೇಲೆ ಕಾಣಿಸಿದಾಗ, ಇಷ್ಟು ದಿನ ಒಬ್ಬರ ಸೋಮಾರಿತನ ಅಥವಾ ಇನ್ನೊಬ್ಬರ ಸಿಡುಕಿನಂತೆ ತೋರುತ್ತಿದ್ದುದು ಬಹುಮಟ್ಟಿಗೆ ಗಂಟೆಗಳ ಕೊರತೆ ಎಂಬುದು ಇಬ್ಬರಿಗೂ ಅರ್ಥವಾಗುತ್ತದೆ. ಕೆಲಸವನ್ನು ಕಡಿಮೆ ಮಾಡಲೇಬೇಕು ಎಂಬ ತೀರ್ಮಾನಕ್ಕೆ ಬರಲು ಇದಕ್ಕಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಲೆಕ್ಕ ಮುಗಿದ ಮೇಲೆ ಸಮಯವನ್ನು ತುಂಡುಗಳಾಗಿ ಕತ್ತರಿಸಿ. ಮೊದಲು ಇಬ್ಬರ ಕೆಲಸದಲ್ಲೂ ಕದಲಿಸಲಾಗದ ಭಾಗಗಳನ್ನು, ಅಂದರೆ ನಿಗದಿಯಾದ ಸಭೆ, ಪಾಠ, ಗ್ರಾಹಕರ ಕರೆ ಮುಂತಾದವನ್ನು ಒಂದೇ ಹಾಳೆಯಲ್ಲಿ ಗುರುತಿಸಿಕೊಳ್ಳಿ. ಉಳಿದ ಅವಧಿಯನ್ನು ಕನಿಷ್ಠ ಎರಡೆರಡು ಗಂಟೆಯ ಸರದಿಗಳಾಗಿ ಮಾಡಿ, ಒಬ್ಬರ ಸರದಿಯಲ್ಲಿ ಇನ್ನೊಬ್ಬರು ಮನೆಯ ಪೂರ್ತಿ ಹೊಣೆ ಹೊರಬೇಕು. ಅರ್ಧ ಗಂಟೆಗೊಮ್ಮೆ ಪಾಳಿ ಬದಲಿಸುವುದು ನ್ಯಾಯವೆಂದು ತೋರಿದರೂ ಅದರಿಂದ ಯಾರಿಗೂ ಪ್ರಯೋಜನವಿಲ್ಲ. ಮನಸ್ಸು ಒಂದು ಕೆಲಸದಲ್ಲಿ ನೆಲೆಗೊಳ್ಳುವ ಹೊತ್ತಿಗೆ ಏಳಬೇಕಾಗುತ್ತದೆ. ಬೆಳಗಿನ ಹೊತ್ತು ಯಾರಿಗೆ ಎಂಬುದು ಮುಖ್ಯವಾದ ಪ್ರಶ್ನೆ. ಒಬ್ಬರಿಗೆ ಸದಾ ಬೆಳಗಿನ ಚುರುಕು ಗಂಟೆಗಳು, ಇನ್ನೊಬ್ಬರಿಗೆ ಸದಾ ರಾತ್ರಿ ಹತ್ತರ ನಂತರದ ದಣಿದ ಗಂಟೆಗಳು ಎಂದಾದರೆ, ಒಟ್ಟು ಲೆಕ್ಕ ಸಮವಿದ್ದರೂ ಹಂಚಿಕೆ ಸಮವಲ್ಲ. ವಾರಕ್ಕೊಮ್ಮೆ ಸರದಿಯನ್ನು ಅದಲುಬದಲು ಮಾಡಿ.

ಹೊಣೆ ಹೊತ್ತವರು ಪಾಲಿಸಬೇಕಾದ ನಿಯಮ ಒಂದೇ: ಗಾಯ, ಬೆಂಕಿ, ಜ್ವರ ಇಂಥ ತುರ್ತು ಬಿಟ್ಟು ಬೇರೆ ಯಾವುದಕ್ಕೂ ದುಡಿಯುತ್ತಿರುವವರ ಕದ ತಟ್ಟಬಾರದು. ಮಗುವಿನ ಅಂಗಿ ಎಲ್ಲಿದೆ ಎಂಬ ಪ್ರಶ್ನೆ ತುರ್ತಲ್ಲ. ಪ್ರತ್ಯೇಕ ಕೋಣೆಯಿಲ್ಲದ ಚಿಕ್ಕ ಮನೆಗಳಲ್ಲಿ ಇದು ಕಷ್ಟ. ಅಲ್ಲಿ ಗೋಡೆಯ ಕಡೆಗೆ ಮುಖಮಾಡಿದ ಒಂದು ಕುರ್ಚಿಯನ್ನೋ ಕಿವಿಗೆ ಹಾಕಿದ ಹೆಡ್‌ಫೋನನ್ನೋ ಮುಚ್ಚಿದ ಬಾಗಿಲೆಂದು ಮನೆಮಂದಿಯೆಲ್ಲ ಒಪ್ಪಿಕೊಳ್ಳಬೇಕು. ಸರದಿ ಬದಲಾಗುವಾಗ ಐದು ನಿಮಿಷ ಇಟ್ಟುಕೊಂಡು, ಮಗು ಏನು ತಿಂದಿದೆ, ಯಾವ ಪಾಠ ಬಾಕಿಯಿದೆ, ಒಲೆಯ ಮೇಲೆ ಏನಿದೆ ಎಂಬುದನ್ನು ಆಸ್ಪತ್ರೆಯಲ್ಲಿ ದಾದಿಯರು ಪಾಳಿ ಒಪ್ಪಿಸುವಂತೆ ಒಪ್ಪಿಸಿಕೊಡಿ.

ಇಲ್ಲಿ ಬಹುತೇಕ ಮನೆಗಳಲ್ಲಿ ಒಂದು ವಾದ ತಲೆಯೆತ್ತುತ್ತದೆ: ಯಾರ ಸಂಬಳ ಹೆಚ್ಚೋ ಅವರ ಕೆಲಸಕ್ಕೆ ಅಡ್ಡಿಯಾಗಬಾರದು. ಮನೆಯ ಖರ್ಚು ಆ ಸಂಬಳದ ಮೇಲೇ ನಿಂತಿರುವಾಗ ಈ ವಾದವನ್ನು ತಳ್ಳಿಹಾಕಲಾಗದು. ಆದರೆ ಅದನ್ನೇ ಏಕೈಕ ಅಳತೆಗೋಲು ಮಾಡಿಕೊಂಡರೆ, ಕಡಿಮೆ ಸಂಬಳದವರ ಕೆಲಸ ಮೊದಲು ಕುಂಟುತ್ತದೆ, ಆಮೇಲೆ ನಿಲ್ಲುತ್ತದೆ. ಒಮ್ಮೆ ಬಿಟ್ಟ ಕೆಲಸಕ್ಕೆ ಅದೇ ಮಟ್ಟದಲ್ಲಿ ಮರಳುವುದು ಸುಲಭವಲ್ಲ, ಕೈತಪ್ಪಿದ ಬಡ್ತಿ ಮತ್ತು ನಿವೃತ್ತಿಯ ಉಳಿತಾಯದ ನಷ್ಟ ವರ್ಷಗಟ್ಟಲೆ ಹಿಂಬಾಲಿಸುತ್ತದೆ. ಆದ್ದರಿಂದ ಈ ತಿಂಗಳ ಸಂಬಳವನ್ನಷ್ಟೇ ನೋಡದೆ, ಯಾರ ಕೆಲಸ ಈಗ ಹೆಚ್ಚು ಅಪಾಯದಲ್ಲಿದೆ, ಯಾರ ಗಡುವನ್ನು ಮುಂದೂಡಬಹುದು, ಐದು ವರ್ಷದ ನಂತರ ಇಬ್ಬರೂ ಎಲ್ಲಿರಬೇಕೆಂದು ಬಯಸುತ್ತೀರಿ ಎಂಬುದನ್ನೂ ಮುಂದಿಟ್ಟುಕೊಂಡು ತೀರ್ಮಾನಿಸಿ.

ಕೆಲಸ ಕಳೆದುಕೊಂಡವರಿದ್ದರೆ ಲೆಕ್ಕ ಸಹಜವಾಗಿಯೇ ಬದಲಾಗುತ್ತದೆ, ಆದರೆ ಅದು ಬದಲಾಗುವ ರೀತಿಯನ್ನು ಗಮನಿಸಬೇಕು. ಮೇಲೆ ಹೇಳಿದ ಇಂಗ್ಲೆಂಡಿನ ಅಧ್ಯಯನದಲ್ಲಿ, ತಾಯಿಯ ದುಡಿಮೆ ನಿಂತು ತಂದೆ ದುಡಿಯುತ್ತಿದ್ದ ಮನೆಗಳಲ್ಲಿ ಮನೆಗೆಲಸದ ಬಹುಪಾಲು ತಾಯಿಯದಾಗಿತ್ತು. ತಂದೆಯ ದುಡಿಮೆ ನಿಂತು ತಾಯಿ ದುಡಿಯುತ್ತಿದ್ದ ಮನೆಗಳಲ್ಲಾದರೋ ಮಕ್ಕಳ ಆರೈಕೆ ಮತ್ತು ಮನೆಗೆಲಸ ಇಬ್ಬರ ನಡುವೆ ಸಮವಾಗಿ ಹಂಚಿಹೋಗಿತ್ತು. ತಾಯಿ ಅದರ ಮೇಲೆ ಸಂಬಳದ ಕೆಲಸವನ್ನೂ ಮಾಡುತ್ತಿದ್ದಳು. ನಿಮ್ಮ ಮನೆಯಲ್ಲಿ ಗಂಡನ ಕೆಲಸ ಹೋದರೆ ಯಾವ ಹಂಚಿಕೆ, ಹೆಂಡತಿಯ ಕೆಲಸ ಹೋದರೆ ಯಾವ ಹಂಚಿಕೆ ಎಂಬ ಎರಡೂ ಪ್ರಶ್ನೆಗಳಿಗೆ ಒಂದೇ ಉತ್ತರ ಬರುತ್ತದೆಯೇ ಎಂದು ಪರೀಕ್ಷಿಸಿಕೊಳ್ಳಿ. ಕೆಲಸ ಕಳೆದುಕೊಂಡವರಿಗೂ ಹೊಸ ಕೆಲಸ ಹುಡುಕಲು ಪ್ರತಿದಿನ ಅಡ್ಡಿಯಿಲ್ಲದ ಒಂದು ಸರದಿ ಬೇಕೇ ಬೇಕು.

ಆಸ್ಪತ್ರೆ, ಅಂಗಡಿ, ಸಾರಿಗೆ, ಕಾರ್ಖಾನೆ ಇಂಥ ಕಡೆ ದುಡಿಯುವವರು ಮಹಾಮಾರಿಯಲ್ಲೂ ಹೊರಗೆ ಹೋಗಲೇಬೇಕು. ಅಂಥ ಮನೆಯಲ್ಲಿ ಗಂಟೆಗಳನ್ನು ಸಮ ಮಾಡಲು ಹೊರಡುವುದು ವ್ಯರ್ಥ. ಸಮವಾಗಬೇಕಾದದ್ದು ವಿಶ್ರಾಂತಿ. ಹೊರಗೆ ಹೋದವರು ಸೋಂಕಿನ ಭಯ ಹೊತ್ತು ದಣಿದು ಬರುತ್ತಾರೆ, ಮನೆಯಲ್ಲಿ ಉಳಿದವರು ಹಗಲಿಡೀ ಒಂದು ಕ್ಷಣ ಕುಳಿತಿರುವುದಿಲ್ಲ. ಇಬ್ಬರಿಗೂ ವಾರದಲ್ಲಿ ಒಟ್ಟು ಎಷ್ಟು ಬಿಡುವು ಸಿಕ್ಕಿತು ಎಂದು ಎಣಿಸಿ, ಕಡಿಮೆ ಸಿಕ್ಕವರಿಗೆ ಮುಂದಿನ ವಾರ ಹೆಚ್ಚು ಕೊಡಿ.

ಹಂತ 3: ಕೆಲಸದ ಜೊತೆಗೆ ಅದರ ಚಿಂತೆಯನ್ನೂ ವಹಿಸಿಕೊಡಿ

‘ಏನು ಮಾಡಬೇಕೋ ಹೇಳು, ಮಾಡುತ್ತೇನೆ’ ಎಂಬ ಮಾತನ್ನು ಆಡುವವರು ಒಳ್ಳೆಯ ಮನಸ್ಸಿನಿಂದಲೇ ಆಡುತ್ತಾರೆ. ಆದರೂ ಆ ಮಾತಿನೊಳಗೆ ಕೆಲಸದ ಅರ್ಧ ಭಾರ ಇನ್ನೊಬ್ಬರ ಹೆಗಲ ಮೇಲೇ ಉಳಿಯುತ್ತದೆ. ಸಮಾಜಶಾಸ್ತ್ರಜ್ಞೆ ಆಲಿಸನ್ ಡಾಮಿಂಗರ್ 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮನೆಯ ಮಾನಸಿಕ ದುಡಿಮೆಯನ್ನು ನಾಲ್ಕು ಭಾಗವಾಗಿ ಬಿಡಿಸಿ ತೋರಿಸಿದ್ದಾರೆ: ಅಗತ್ಯವನ್ನು ಮುಂದಾಗಿ ಊಹಿಸುವುದು, ಅದನ್ನು ಪೂರೈಸುವ ದಾರಿಗಳನ್ನು ಹುಡುಕುವುದು, ಅವುಗಳಲ್ಲಿ ಒಂದನ್ನು ನಿರ್ಧರಿಸುವುದು, ಕೊನೆಗೆ ಅದು ಸರಿಯಾಗಿ ಆಯಿತೇ ಎಂದು ಗಮನಿಸುವುದು. ನಿರ್ಧಾರದ ಹೊತ್ತಿನಲ್ಲಿ ಇಬ್ಬರೂ ಸೇರಿರುತ್ತಾರೆ, ಆದರೆ ಮುಂದಾಗಿ ಊಹಿಸುವ ಮತ್ತು ಗಮನಿಸುತ್ತಲೇ ಇರುವ ಭಾಗಗಳು ಹೆಚ್ಚಾಗಿ ಹೆಂಗಸರ ಪಾಲಿಗೆ ಬರುತ್ತವೆ ಎಂಬುದು ಅವರು ಕಂಡುಕೊಂಡ ಸಂಗತಿ.

ಆದ್ದರಿಂದ ಕೆಲಸವನ್ನು ಹಂಚುವಾಗ ಬುಡದಿಂದ ತುದಿಯವರೆಗೆ ಹಂಚಿ. ದಿನಸಿ ತರುವುದು ನಿಮ್ಮ ಪಾಲಿಗೆ ಬಂದಿದೆ ಎಂದರೆ, ಡಬ್ಬಿಗಳಲ್ಲಿ ಏನು ಮುಗಿಯುತ್ತಿದೆ ಎಂದು ನೋಡುವುದು, ಪಟ್ಟಿ ಬರೆಯುವುದು, ಜನದಟ್ಟಣೆ ಕಡಿಮೆಯಿರುವ ಹೊತ್ತನ್ನು ತಿಳಿದುಕೊಳ್ಳುವುದು, ಬೇಕಾದದ್ದು ಸಿಗದಿದ್ದರೆ ಬದಲಿಗೆ ಏನೆಂದು ನಿರ್ಧರಿಸುವುದು, ತಂದು ಜೋಡಿಸಿಡುವುದು ಎಲ್ಲವೂ ನಿಮ್ಮದೇ. ಪಟ್ಟಿ ಕೊಡು ಎಂದು ಇನ್ನೊಬ್ಬರನ್ನು ಕೇಳಿದ ಕ್ಷಣ ಆ ಕೆಲಸ ಅರ್ಧ ಹಿಂತಿರುಗಿದಂತೆ. ಮಕ್ಕಳ ಆನ್‌ಲೈನ್ ಶಾಲೆ, ಹಿರಿಯರ ಔಷಧಿ, ಬಟ್ಟೆ, ಅಡುಗೆ, ಬಿಲ್ಲುಗಳು ಇವಕ್ಕೂ ಹೀಗೆಯೇ ಒಬ್ಬೊಬ್ಬರ ಹೆಸರು ಬರೆದು, ಎಲ್ಲರಿಗೂ ಕಾಣುವ ಕಡೆ ಅಂಟಿಸಿ.

ಹಂಚುವಾಗ ಕೆಲಸಗಳ ಸಂಖ್ಯೆಯನ್ನು ಸಮ ಮಾಡಿದರೆ ಸಾಲದು, ಅವುಗಳ ಜಾತಿಯನ್ನು ನೋಡಬೇಕು. ಅಡುಗೆ, ಪಾತ್ರೆ, ಮಗುವಿಗೆ ಊಟ ಮಾಡಿಸುವುದು ಇವು ಗಡಿಯಾರಕ್ಕೆ ಕಟ್ಟಿದ, ದಿನವೂ ತಪ್ಪದ ಕೆಲಸಗಳು. ರಿಪೇರಿ, ಬಿಲ್ಲು ಪಾವತಿ, ಕಪಾಟು ಜೋಡಿಸುವುದು ಇವು ನಾಳೆಗೆ ಹಾಕಬಹುದಾದ ಕೆಲಸಗಳು. ಮೊದಲ ಬಗೆಯವು ದಿನವನ್ನು ಚೂರುಚೂರು ಮಾಡುತ್ತವೆ, ಎರಡನೆಯವು ಮಾಡುವುದಿಲ್ಲ. ತಲಾ ಐದು ಕೆಲಸ ಎಂದು ಹಂಚಿಕೊಂಡು, ಗಡಿಯಾರದ ಕೆಲಸಗಳೆಲ್ಲ ಒಬ್ಬರಿಗೇ ಹೋದರೆ ಎರಡನೆಯ ಹಂತದಲ್ಲಿ ಕಷ್ಟಪಟ್ಟು ಕಟ್ಟಿದ ಸರದಿಗಳೆಲ್ಲ ಕುಸಿಯುತ್ತವೆ.

ವಹಿಸಿಕೊಟ್ಟವರಿಗೂ ಒಂದು ಶಿಸ್ತು ಬೇಕು. ಬಟ್ಟೆ ಮಡಿಸುವ ರೀತಿ ನಿಮ್ಮದಕ್ಕಿಂತ ಬೇರೆಯಾಗಿದ್ದರೆ ಅದನ್ನು ಬಿಚ್ಚಿ ಮತ್ತೆ ಮಡಿಸಬೇಡಿ. ಯಾವ ಮಟ್ಟ ಸಾಕು ಎಂಬುದನ್ನು ಮೊದಲೇ ಇಬ್ಬರೂ ಕೂತು ಒಪ್ಪಿಕೊಳ್ಳಿ, ಆಮೇಲೆ ಕೈಹಾಕಬೇಡಿ. ಹೊಸಬರು ಕಲಿಯಲು ಎರಡು ಮೂರು ವಾರ ಹಿಡಿಯಬಹುದು, ಅಷ್ಟು ದಿನ ಅಡುಗೆ ರುಚಿಗೆಟ್ಟರೂ ತಾಳಿಕೊಳ್ಳಿ. ಅಂತೆಯೇ, ಕಲಿಯಲು ಬರುವುದಿಲ್ಲ ಎಂಬ ನೆಪದಲ್ಲಿ ಕೆಲಸವನ್ನು ಮತ್ತೆ ಮತ್ತೆ ಕೆಡಿಸುವುದು ಸಂಗಾತಿಗೆ ಮಾಡುವ ಅನ್ಯಾಯ.

ಹಂತ 4: ಕೆಲಸವನ್ನೇ ಕಡಿಮೆ ಮಾಡಿ

ಪಟ್ಟಿಯಲ್ಲಿರುವ ಪ್ರತಿಯೊಂದು ಕೆಲಸಕ್ಕೂ ಕೇಳಬೇಕಾದ ಪ್ರಶ್ನೆ ಒಂದೇ: ಇದನ್ನು ಎರಡು ವಾರ ಮಾಡದಿದ್ದರೆ ಯಾರಿಗಾದರೂ ತೊಂದರೆಯಾಗುತ್ತದೆಯೇ? ಇಲ್ಲ ಎಂದಾದರೆ ಅದನ್ನು ಅಳಿಸಿ. ಇಸ್ತ್ರಿ ನಿಲ್ಲಬಹುದು, ಮೂರು ಬಗೆಯ ಅಡುಗೆ ಒಂದಾಗಬಹುದು, ದಿನವೂ ಒರೆಸುತ್ತಿದ್ದ ನೆಲವನ್ನು ವಾರಕ್ಕೆ ಎರಡು ಬಾರಿ ಒರೆಸಿದರೆ ಸಾಕಾಗಬಹುದು. ಕೈತೊಳೆಯುವುದು, ಕಿಟಕಿ ತೆರೆದು ಗಾಳಿಯಾಡಲು ಬಿಡುವುದು, ಔಷಧಿ, ಊಟ, ನಿದ್ರೆ ಇವುಗಳನ್ನು ಮಾತ್ರ ಮುಟ್ಟಬೇಡಿ.

ಹಂತ 5: ಕೆಲಸ ಕೊಟ್ಟವರೊಡನೆ ಇಬ್ಬರೂ ಮಾತನಾಡಿ

ಇಬ್ಬರೂ ಎಂಬ ಪದಕ್ಕೆ ಇಲ್ಲಿ ಒತ್ತು ಕೊಡುತ್ತಿದ್ದೇನೆ. ಮಕ್ಕಳ ಕಾರಣ ಹೇಳಿ ಸಮಯದ ಸಡಿಲಿಕೆ ಕೇಳುವವರು ಸದಾ ತಾಯಂದಿರೇ ಆದರೆ, ಕಚೇರಿಯ ಕಣ್ಣಿನಲ್ಲಿ ಕಡಿಮೆ ನಿಷ್ಠೆಯವರೆಂದು ಗುರುತಾಗುವವರೂ ಅವರೇ ಆಗುತ್ತಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯು ಕುಟುಂಬದ ಹೊಣೆಯುಳ್ಳ ದುಡಿಮೆಗಾರರ ಬಗ್ಗೆ 1981ರಲ್ಲಿ ಅಂಗೀಕರಿಸಿದ 156ನೇ ಒಡಂಬಡಿಕೆ ಗಂಡಸರು ಮತ್ತು ಹೆಂಗಸರು ಇಬ್ಬರಿಗೂ ಅನ್ವಯಿಸುತ್ತದೆ. ತಂದೆಯೂ ಆರೈಕೆಯ ಹೊಣೆ ಹೊತ್ತ ದುಡಿಮೆಗಾರ ಎಂಬ ಮಾತು ಹೊಸದೇನಲ್ಲ.

ಕೇಳುವಾಗ ಕಷ್ಟವನ್ನು ವರ್ಣಿಸುವುದಕ್ಕಿಂತ ನಿಮ್ಮ ಸರದಿಯ ಪಟ್ಟಿಯನ್ನೇ ಮುಂದಿಡಿ. ‘ಬೆಳಿಗ್ಗೆ 7ರಿಂದ 10ರವರೆಗೆ ಮತ್ತು ಮಧ್ಯಾಹ್ನ 2ರಿಂದ 5ರವರೆಗೆ ನಾನು ಪೂರ್ತಿ ಲಭ್ಯ, 10ರಿಂದ 1ರವರೆಗೆ ತುರ್ತು ಕರೆ ಮಾತ್ರ, ಉಳಿದ ಕೆಲಸವನ್ನು ರಾತ್ರಿ ಮುಗಿಸಿ ಬೆಳಿಗ್ಗೆ ಒಪ್ಪಿಸುತ್ತೇನೆ’ ಎಂದು ಸ್ಪಷ್ಟವಾಗಿ ಬರೆದು ಕಳುಹಿಸಿದರೆ ಒಪ್ಪಿಗೆ ಸಿಗುವ ಸಾಧ್ಯತೆ ಹೆಚ್ಚು. ದಿನಗೂಲಿಯವರಿಗೂ ಸ್ವಂತ ವ್ಯಾಪಾರದವರಿಗೂ ಈ ದಾರಿಯಿಲ್ಲ. ಅವರ ಮನೆಗಳಲ್ಲಿ ನಾಲ್ಕನೆಯ ಹಂತದ ಮೇಲೆಯೇ ಹೆಚ್ಚು ಭಾರ ಹಾಕಬೇಕಾಗುತ್ತದೆ.

ಹಂತ 6: ಮಕ್ಕಳಿಗೂ ಪಾಲು ಕೊಡಿ, ಹಿರಿಯರ ಹೊಣೆಯನ್ನು ಹೆಸರಿಸಿ

ಐದಾರು ವರ್ಷದ ಮಗು ಆಟಿಕೆ ಜೋಡಿಸಬಲ್ಲದು, ತಟ್ಟೆ ಎತ್ತಿಡಬಲ್ಲದು. ಹತ್ತು ದಾಟಿದವರು ಬಟ್ಟೆ ಮಡಿಸಿ, ಸರಳ ತಿಂಡಿ ಮಾಡಿ, ತಮ್ಮ ಪಾಠದ ವೇಳಾಪಟ್ಟಿಯನ್ನು ತಾವೇ ನೋಡಿಕೊಳ್ಳಬಲ್ಲರು. ಹುಡುಗ–ಹುಡುಗಿ ಎಂಬ ಭೇದವಿಲ್ಲದೆ ಕೆಲಸ ಕೊಡಿ. ಹಿರಿಯರ ವಿಷಯದಲ್ಲಿ, ಯಾರ ತಂದೆ–ತಾಯಿಯ ಔಷಧಿ, ವೈದ್ಯರ ಕರೆ, ದಿನದ ಮಾತುಕತೆ ಯಾರ ಹೊಣೆ ಎಂಬುದನ್ನು ಬರೆದಿಡಿ. ಬರೆಯದೆ ಬಿಟ್ಟ ಮನೆಯಲ್ಲಿ ಇಬ್ಬರ ತಂದೆ–ತಾಯಿಯ ಹೊಣೆಯೂ ಬಹುತೇಕ ಸೊಸೆಯ ಪಾಲಿಗೇ ಬಂದು ನಿಲ್ಲುತ್ತದೆ.

ಹಂತ 7: ಒಬ್ಬರು ಕಾಯಿಲೆ ಬಿದ್ದರೆ ಏನೆಂದು ಇಂದೇ ಬರೆದಿಡಿ

ಇದನ್ನು ಮುಂದೂಡುವುದು ಸಹಜ, ಆದರೆ ಮುಂದೂಡಬಾರದು. ಕೋವಿಡ್‌ನಲ್ಲಿ ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು 14 ದಿನಗಳವರೆಗೂ ಹಿಡಿಯಬಹುದಿತ್ತು. ಅಂದರೆ ಒಬ್ಬರಿಗೆ ಜ್ವರ ಬಂದ ದಿನ ಇನ್ನೊಬ್ಬರ ಮೈಯಲ್ಲೂ ರೋಗ ಅಡಗಿರಬಹುದು. ಮನೆಯನ್ನು ನಡೆಸಲು ಬೇಕಾದ ತಿಳಿವಳಿಕೆ ಒಬ್ಬರ ತಲೆಯಲ್ಲೇ ಇದ್ದು, ಅವರೇ ಹಾಸಿಗೆ ಹಿಡಿದರೆ, ಜ್ವರದಲ್ಲಿ ಮಲಗಿದವರನ್ನೇ ಎಬ್ಬಿಸಿ ಕೇಳುವ ಸ್ಥಿತಿ ಬರುತ್ತದೆ.

ಒಂದು ಹಾಳೆಯಲ್ಲಿ ವೈದ್ಯರ ಮತ್ತು ಆಂಬುಲೆನ್ಸ್‌ನ ಫೋನ್ ಸಂಖ್ಯೆ, ಪ್ರತಿಯೊಬ್ಬರ ಔಷಧಿ ಮತ್ತು ಪ್ರಮಾಣ, ಯಾರಿಗೆ ಯಾವುದರ ಅಲರ್ಜಿ, ವಿಮೆಯ ಕಾಗದ ಎಲ್ಲಿದೆ, ಮಗುವಿನ ದಿನಚರಿ ಏನು, ಬ್ಯಾಂಕ್ ವ್ಯವಹಾರ ಹೇಗೆ ಎಂಬುದನ್ನು ಇಬ್ಬರೂ ಸೇರಿ ಬರೆಯಿರಿ. ರೋಗಿಗೆ ಗಾಳಿಯಾಡುವ ಪ್ರತ್ಯೇಕ ಕೋಣೆ ಯಾವುದು, ಅದು ಇಲ್ಲದಿದ್ದರೆ ಎಷ್ಟು ದೂರ ಸಾಧ್ಯ ಎಂಬುದನ್ನು ನಿರ್ಧರಿಸಿ. ಆರೈಕೆಗೆ ಒಬ್ಬರೇ ನಿಲ್ಲಲಿ, ಅವರು ಆರೋಗ್ಯವಂತರಾಗಿದ್ದು ಬೇರೆ ಗಂಭೀರ ಕಾಯಿಲೆ ಇಲ್ಲದವರಾಗಿರಲಿ, ಇಬ್ಬರೂ ಮಾಸ್ಕ್ ಧರಿಸಲಿ. ಹೆಂಡತಿಯೇ ಆರೈಕೆಗೆ ನಿಲ್ಲಬೇಕೆಂಬ ರೂಢಿಯನ್ನು ಇಲ್ಲಿ ಅನುಸರಿಸಬೇಡಿ, ಯಾರಿಗೆ ಅಪಾಯ ಕಡಿಮೆಯೋ ಅವರು ನಿಲ್ಲಲಿ. ಇಬ್ಬರೂ ಒಟ್ಟಿಗೆ ಮಲಗಿದರೆ ಬಾಗಿಲಲ್ಲಿ ಊಟ ಇಟ್ಟು ಹೋಗುವವರು ಯಾರು, ಮಕ್ಕಳು ಎಲ್ಲಿರಬೇಕು ಎಂಬುದನ್ನು ನೆರೆಯವರೊಡನೆ ಅಥವಾ ನೆಂಟರೊಡನೆ ಮೊದಲೇ ಮಾತನಾಡಿ.

ಜ್ವರ ಇಳಿದ ಮರುದಿನವೇ ಹಳೆಯ ಪಟ್ಟಿಯನ್ನು ಅವರ ಕೈಗೆ ಕೊಡಬೇಡಿ. ವಿಶ್ವ ಆರೋಗ್ಯ ಸಂಸ್ಥೆಯು 2021ರ ಅಕ್ಟೋಬರ್‌ನಲ್ಲಿ ಕೋವಿಡ್ ನಂತರದ ಸ್ಥಿತಿಗೆ ಅಧಿಕೃತ ವ್ಯಾಖ್ಯೆ ನೀಡಿತು. ರೋಗ ಆರಂಭವಾಗಿ ಸಾಮಾನ್ಯವಾಗಿ ಮೂರು ತಿಂಗಳಾದ ಮೇಲೂ ಕಾಣಿಸುವ, ಕನಿಷ್ಠ ಎರಡು ತಿಂಗಳು ಕಾಡುವ ಆಯಾಸ, ಉಸಿರಾಟದ ತೊಂದರೆ, ಮಂಕು ಕವಿದ ಬುದ್ಧಿ ಅದರ ಲಕ್ಷಣಗಳು. ಗುಣವಾದವರು ಚೆನ್ನಾಗಿಯೇ ಕಾಣುತ್ತಾರೆ, ಆದರೆ ಅವರಿಂದ ಆಗುವುದಿಲ್ಲ. ಅವರ ಮಾತನ್ನು ನಂಬಿ, ಕೆಲಸವನ್ನು ವಾರವಾರಕ್ಕೆ ಸ್ವಲ್ಪಸ್ವಲ್ಪವಾಗಿ ಮರಳಿಸಿ.

ಹಂತ 8: ವಾರಕ್ಕೊಮ್ಮೆ ಅರ್ಧ ಗಂಟೆ ಕೂತು ಮಾತನಾಡಿ

ಸೋಂಕಿನ ಅಲೆ ಏರಿಳಿದಂತೆ ನಿಯಮಗಳು ಬದಲಾಗುತ್ತವೆ, ಶಾಲೆ ತೆರೆದು ಮತ್ತೆ ಮುಚ್ಚುತ್ತದೆ, ಕಚೇರಿಯ ಗಡುವು ಹತ್ತಿರವಾಗುತ್ತದೆ. ಒಮ್ಮೆ ಮಾಡಿದ ಹಂಚಿಕೆ ಎರಡು ವಾರಕ್ಕಿಂತ ಹೆಚ್ಚು ಕಾಲ ಹಾಗೆಯೇ ನಡೆಯುವುದು ಅಪರೂಪ. ಇಬ್ಬರಿಗೂ ಹೊಟ್ಟೆ ತುಂಬಿರುವ, ಮಕ್ಕಳು ಮಲಗಿರುವ ಒಂದು ಹೊತ್ತನ್ನು ವಾರಕ್ಕೊಮ್ಮೆ ಗೊತ್ತುಮಾಡಿಕೊಳ್ಳಿ. ಯಾವ ಸರದಿಗೆ ಹೆಚ್ಚು ಅಡ್ಡಿ ಬಂತು, ಯಾವ ಕೆಲಸ ಯಾರ ಹೆಸರಿಲ್ಲದೆ ಬಿದ್ದಿದೆ, ಯಾರ ನಿದ್ರೆ ಕೆಟ್ಟಿದೆ, ಮುಂದಿನ ವಾರ ಯಾರಿಗೆ ಕಚೇರಿಯ ಒತ್ತಡ ಹೆಚ್ಚು, ಇವಿಷ್ಟನ್ನು ವಿಚಾರಿಸಿ ಪಟ್ಟಿಯನ್ನು ತಿದ್ದಿ. ಕೋಪ ಬಂದ ಕ್ಷಣದಲ್ಲಿ ಹಂಚಿಕೆಯ ಮಾತು ತೆಗೆಯಬೇಡಿ, ಆ ದಿನದ ಅಸಮಾಧಾನವನ್ನು ಚೀಟಿಯಲ್ಲಿ ಬರೆದಿಟ್ಟು ವಾರದ ಮಾತಿಗೆ ತನ್ನಿ. ಸಂಗಾತಿ ಮಾಡಿದ್ದರಲ್ಲಿ ನಿಮಗೆ ನಿಜವಾಗಿ ನೆರವಾದ ಒಂದನ್ನಾದರೂ ಹೆಸರಿಸಿ ಹೇಳಿ. ರಾಸ್ ಮತ್ತು ಸಿಕೋಲಿ ತೋರಿಸಿದಂತೆ ನಮ್ಮ ನೆನಪು ನಮ್ಮ ಕಡೆಗೇ ವಾಲುತ್ತದೆ, ಹೆಸರಿಸುವ ಅಭ್ಯಾಸ ಅದನ್ನು ಕೊಂಚ ಸರಿಪಡಿಸುತ್ತದೆ.

ಹಂತ 9: ಊರು ಮತ್ತೆ ತೆರೆಯುವ ಮುನ್ನ

ವಿಶ್ವ ಆರೋಗ್ಯ ಸಂಸ್ಥೆಯು ಕೋವಿಡ್ ಕುರಿತ ಜಾಗತಿಕ ತುರ್ತುಸ್ಥಿತಿಯನ್ನು 2023ರ ಮೇ 5ರಂದು ಹಿಂತೆಗೆದುಕೊಂಡಿತು, ಆದರೆ ಮನೆಗಳ ಬಾಗಿಲು ಅದಕ್ಕೂ ಬಹಳ ಮೊದಲು, ಬೇರೆ ಬೇರೆ ದಿನಗಳಲ್ಲಿ ತೆರೆದಿದ್ದವು. ಇಬ್ಬರಲ್ಲಿ ಒಬ್ಬರ ಕಚೇರಿ ಮೊದಲು ತೆರೆಯುತ್ತದೆ, ಕೆಲವೊಮ್ಮೆ ಮಕ್ಕಳ ಶಾಲೆಗಿಂತಲೂ ಮೊದಲು. ಅವರು ಹೊರಟ ದಿನ, ತಿಂಗಳುಗಟ್ಟಲೆ ಹಂಚಿಕೊಂಡಿದ್ದ ಕೆಲಸವೆಲ್ಲ ಮನೆಯಲ್ಲಿ ಉಳಿದವರ ಪಾಲಿಗೆ ಮರಳುತ್ತದೆ, ಅದನ್ನು ಯಾರೂ ತೀರ್ಮಾನಿಸಿರುವುದಿಲ್ಲ. ಆದ್ದರಿಂದ ಕಚೇರಿಗೆ ಮರಳುವ ದಿನ ಗೊತ್ತಾದ ಕೂಡಲೇ ಪಟ್ಟಿಯನ್ನು ಮುಂದಿಟ್ಟುಕೊಂಡು, ಹೊರಗೆ ಹೋಗುವವರು ಯಾವ ಕೆಲಸಗಳನ್ನು ತಮ್ಮಲ್ಲೇ ಉಳಿಸಿಕೊಳ್ಳುತ್ತಾರೆ ಎಂದು ಬರೆಯಿರಿ. ಬೆಳಗಿನ ತಿಂಡಿ, ರಾತ್ರಿಯ ಪಾತ್ರೆ, ದಿನಸಿ, ಹಿರಿಯರ ಔಷಧಿ ಇವು ಕಚೇರಿಗೆ ಹೋಗುತ್ತಲೂ ಮಾಡಬಹುದಾದ ಕೆಲಸಗಳು. ಮರಳಿದ ಮೂರನೆಯ ವಾರದಲ್ಲಿ ಮೊದಲ ಹಂತದ ದಿನಚರಿಯನ್ನು ಅದೇ ಮೂರು ಅಂಕಣಗಳೊಂದಿಗೆ ಇನ್ನೊಮ್ಮೆ ಬರೆದು, ಹಳೆಯ ಹಾಳೆಯ ಪಕ್ಕದಲ್ಲಿಟ್ಟು ಇಬ್ಬರೂ ಒಟ್ಟಿಗೆ ಓದಿ.